ತುಣುಕು ಬೇಡ, ಸಾರು ಮಾತ್ರ

ಮಾಂಸವನ್ನು ಬಿಡುವುದು ಅಷ್ಟೇನೂ ಕಷ್ಟವಲ್ಲ. ಮಾಂಸ ಬೇಯುವ ಮನೆಯಲ್ಲಿದ್ದುಕೊಂಡು ಅದನ್ನು ಬಿಟ್ಟು ಬಾಳುವುದು ಕಷ್ಟ. ಹುಟ್ಟಿನಿಂದಲೇ ಸಸ್ಯಾಹಾರಿಗಳಾದ ವಾಚಕರಿಗೆ ಈ ಎರಡರ ನಡುವಣ ಅಂತರ ಹೊಳೆಯಲಾರದು. ಅವರ ಪಾಲಿಗೆ ಊಟವೆಂಬುದು ಯೋಚನೆಗೆ ಎಡೆಯಿಲ್ಲದ ಅಭ್ಯಾಸ. ನಡುವಯಸ್ಸಿಗೆ ಬರುತ್ತಿರುವಾಗ ಬಿಟ್ಟವನಿಗಾದರೋ ಅದು ದಿನಕ್ಕೆರಡು ಬಾರಿ ಎದುರಾಗುವ ಪ್ರಶ್ನೆ. ಅದೂ ಹೆತ್ತವಳ ಮುಖವನ್ನೋ ಕೈಹಿಡಿದವಳ ಮುಖವನ್ನೋ ನೋಡುತ್ತ ಉತ್ತರಿಸಬೇಕಾದ ಪ್ರಶ್ನೆ.

ಭಾರತವೆಂದರೆ ಸಸ್ಯಾಹಾರಿಗಳ ದೇಶವೆಂದು ಹೊರಗಿನವರು ಭಾವಿಸುವುದುಂಟು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2014ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದು ವರ್ಷ ಮೀರಿದವರ ಪೈಕಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ನಮ್ಮ ಜಿಲ್ಲೆಯ ಗಡಿಗೆ ಅಂಟಿಕೊಂಡಿರುವ ತೆಲಂಗಾಣದಲ್ಲಂತೂ ಈ ಸಂಖ್ಯೆ 98ನ್ನೂ ದಾಟುತ್ತದೆ. ಆದರೆ ಈ ಲೆಕ್ಕ ಹೇಳದ ಇನ್ನೊಂದು ಸಂಗತಿಯುಂಟು. ಮಾಂಸಾಹಾರಿಗಳ ಮನೆಯಲ್ಲಿ ಮಾಂಸ ಬೇಯುವುದು ದಿನನಿತ್ಯವಲ್ಲ. ಸೋಮವಾರ ಇಲ್ಲ, ಶ್ರಾವಣದಲ್ಲಿ ಇಲ್ಲ, ಶಿವರಾತ್ರಿಗೆ ಇಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿಯೊಡನೆ ನಾವು ಉಣ್ಣುವ ಭಜ್ಜಿಯಲ್ಲಿ ಆ ಋತುವಿನ ಕಾಯಿಪಲ್ಲೆಗಳೆಲ್ಲ ಇರುತ್ತವೆ, ಹಸಿ ಕಡಲೆ ಇರುತ್ತದೆ, ಅವರೆ ಇರುತ್ತದೆ. ಖಂಡದ ಒಂದು ಚೂರೂ ಇರುವುದಿಲ್ಲ. ಪುಂಡಿಪಲ್ಲೆ, ಶೇಂಗಾ ಹಿಂಡಿ, ಉದುರುಬೇಳೆ ಇವುಗಳನ್ನು ನನಗೆ ಉಣಿಸಿ ಬೆಳೆಸಿದ್ದು ಮಾಂಸಾಹಾರಿಗಳ ಅಡಿಗೆಮನೆಯೇ. ಹೀಗೆ ನೋಡಿದರೆ, ಬಿಟ್ಟವನು ಮನೆಯವರಿಂದ ಹೊಸದೇನನ್ನೂ ಬೇಡುವುದಿಲ್ಲ. ಸೋಮವಾರದ ಊಟವನ್ನು ರವಿವಾರವೂ ಬೇಡುತ್ತಾನೆ, ಅಷ್ಟೆ. ಸಂಕಟವೆಲ್ಲ ಆ ರವಿವಾರದಲ್ಲಿದೆ.

ನಾನು ಬಿಟ್ಟ ಕಾರಣವನ್ನು ಕೇಳಿದವರು ಸಾಮಾನ್ಯವಾಗಿ ನಂಬುವುದಿಲ್ಲ. ಅದು ಹದಿಮೂರನೆಯ ಶತಮಾನದ ಒಬ್ಬ ಕವಿಯ ದೆಸೆಯಿಂದ ಆದದ್ದು. ಕಲಬುರಗಿಯ ತರಗತಿಯಲ್ಲಿ ನಾನು ಜನ್ನನ ‘ಯಶೋಧರ ಚರಿತೆ’ಯ ಒಂದು ಭಾಗವನ್ನು ಪಾಠ ಹೇಳುತ್ತಿದ್ದೆ. 1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಅನೇಕ ವಾಚಕರಿಗೆ ತಿಳಿದಿರಬಹುದು. ರಾಣಿ ಅಮೃತಮತಿ ಮಾವುತನಿಗೆ ಮನಸೋತದ್ದನ್ನು ಕಣ್ಣಾರೆ ಕಂಡ ಅರಸು ಯಶೋಧರ, ತನ್ನ ತಾಯಿ ಚಂದ್ರಮತಿಯ ಮುಂದೆ ಆ ನೋವನ್ನು ಬಾಯಿಬಿಟ್ಟು ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ಮರೆಮಾಚುತ್ತಾನೆ. ಮಗನ ಮೇಲಿನ ಮಮತೆಯಿಂದ ತಾಯಿ, ಹಾಗಾದರೆ ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸೆನ್ನುತ್ತಾಳೆ. ಮಗ ಒಲ್ಲೆನೆನ್ನುತ್ತಾನೆ. ತಾಯಿ ಬಿಡುವುದಿಲ್ಲ. ಕಡೆಗೆ ಇಬ್ಬರೂ ಒಪ್ಪುವ ಒಂದು ನಡುದಾರಿ ಸಿಗುತ್ತದೆ: ಜೀವವುಳ್ಳ ಕೋಳಿ ಬೇಡ, ಹಿಟ್ಟಿನ ಕೋಳಿ ಸಾಕು. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿಕೊಳ್ಳುತ್ತದೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ.

ಈ ಕಥೆ ನಮ್ಮ ಸೀಮೆಗೆ ಹೊರಗಿನದೇನೂ ಅಲ್ಲ. ಜನ್ನನಿಗಿಂತ ಎರಡು ಶತಮಾನಗಳಿಗೂ ಹಿಂದೆ, ಇದೇ ಕಥೆಯನ್ನು ಪುಷ್ಪದಂತನು ಅಪಭ್ರಂಶ ಭಾಷೆಯಲ್ಲಿ ‘ಜಸಹರಚರಿಉ’ ಎಂಬ ಹೆಸರಿನಿಂದ ಬರೆದ. ಅವನಿಗೆ ಆಶ್ರಯವಿತ್ತ ಊರು ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಇಂದು ಆ ಹೆಸರು ಕೇಳಿದರೆ ಜನಕ್ಕೆ ಸಿಮೆಂಟು ನೆನಪಾಗುತ್ತದೆ, ಕಾವ್ಯ ನೆನಪಾಗುವುದಿಲ್ಲ. ಅದಿರಲಿ.

ಹಿಟ್ಟಿನ ಕೋಳಿ ಕೂಗಿದ ಪ್ರಸಂಗವನ್ನು ನಾನು ಕೊಂಚ ಆವೇಶದಿಂದಲೇ ವಿವರಿಸಿದ್ದಿರಬೇಕು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತ.

“ಸರ್, ನೀವು ಖಂಡ ತಿಂತೀರೇನ್ರಿ?”

ತರಗತಿ ನಕ್ಕಿತು. ನಾನೂ ನಕ್ಕೆ. “ತಿಂತೀನಪಾ” ಎಂದೆ.

“ಮತ್ತ ಈ ಪಾಠ?”

ಗಂಟೆ ಹೊಡೆಯಿತು. ಆ ರವಿವಾರ ಊಟಕ್ಕೆ ಕುಳಿತಾಗ ಕೈ ಮುಂದೆ ಸಾಗಲಿಲ್ಲ. ಎದೆಯಲ್ಲಿ ಕರುಣೆ ಉಕ್ಕಿತೆಂದು ಬರೆದರೆ ಅತಿಶಯೋಕ್ತಿಯಾದೀತು; ಮರುದಿನ ಅದೇ ತರಗತಿಗೆ ಹೋಗಬೇಕಲ್ಲ ಎಂಬ ಸಂಕೋಚವೇ ಅಂದು ದೊಡ್ಡದಾಗಿತ್ತು. ಕಾರಣ ಚಿಕ್ಕದಾದರೂ ಬಿಟ್ಟದ್ದು ಬಿಟ್ಟೇ ಹೋಯಿತು. ಈಗ ಆರು ವರ್ಷಗಳಾದವು. ಕರುಣೆ ಆಮೇಲೆ, ತಡವಾಗಿ, ತನ್ನ ಪಾಡಿಗೆ ತಾನು ಬಂದು ಸೇರಿಕೊಂಡಿತು.

ನಗರದ ಮನೆಯಲ್ಲಿ ಸುದ್ದಿ ತಣ್ಣಗೆ ಮುಗಿಯಿತು. ಕಮಲಾಪುರದಲ್ಲಿ ಹಾಗಾಗಲಿಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಕುರಿಕೋಟೆಯ ಸೇತುವೆಯನ್ನು ದಾಟಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ನಮ್ಮೂರು. ಮಗ ಬರುತ್ತಾನೆಂದು ಅವ್ವ ಕೋಳಿ ಮಾಡಿಸಿದ್ದಳು. ನಾನು ಬೇಡವೆಂದಾಗ ಅವಳು ಕೋಪಿಸಿಕೊಳ್ಳಲಿಲ್ಲ, ವಿಚಾರಣೆಗೆ ತೊಡಗಿದಳು.

“ಮಾಲಿ ಹಾಕ್ಕೊಂಡಿಯೇನು?”

“ಇಲ್ಲವ್ವ.”

“ಯಾರರೆ ದೀಕ್ಷಾ ಕೊಟ್ಟಾರೇನು?”

“ಇಲ್ಲ.”

“ಡಾಕ್ಟರ್ ಬ್ಯಾಡಂದನೇನು?”

ಅದೂ ಇಲ್ಲವೆಂದೆ.

“ಮತ್ತ್ಯಾಕ?”

ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಆ ಮೂರಕ್ಷರದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಜನ್ನನ ಹೆಸರು ಹೇಳಿದರೆ, ಅವನು ಯಾವ ಓಣಿಯವನೆಂದು ಅವ್ವ ಕೇಳುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮೆಲ್ಲನೆ ಅಂದಳು: “ನನ್ನ ಕೈ ಅಡಿಗಿ ಮೈಲಿಗಿ ಆಯ್ತೇನಪಾ ನಿನಗ?”

ಅವಳು ಕೇಳಿದ ಮೊದಲಿನ ಪ್ರಶ್ನೆಗಳಲ್ಲಿ ಈ ನಾಡಿನ ಅನುಭವವೇ ಅಡಗಿತ್ತು. ಮಾಂಸಾಹಾರದ ಮನೆಯಲ್ಲಿ ಒಬ್ಬಾತ ಅದನ್ನು ತೊರೆಯುವುದು ನಮ್ಮ ಕಡೆ ಅಪರೂಪದ ಸಂಗತಿಯಲ್ಲ. ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಧರಿಸಿ ಬಂದ ವಾರಕರಿಗಳು ಗಡಿಸೀಮೆಯ ಹಳ್ಳಿಗಳಲ್ಲಿ ಇದ್ದಾರೆ. ಮಾಲೆ ಕೊರಳಿಗೆ ಬಿದ್ದ ದಿನದಿಂದ ಮಾಂಸ, ಮದ್ಯ ಎರಡೂ ನಿಷಿದ್ಧ. ನಮ್ಮೂರಿನ ಮುಂದೆ ಹಾಯುವ ರಸ್ತೆ ಹಿಡಿದು ನಡೆದರೆ ಬಸವಕಲ್ಯಾಣ ದೂರವಿಲ್ಲ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಾನಾ ಕಾಯಕಗಳ ಜನ ಇಷ್ಟಲಿಂಗ ಧರಿಸಿದಾಗ ಎಷ್ಟು ಮನೆಗಳಲ್ಲಿ ಒಂದೇ ಸೂರಿನಡಿ ಎರಡು ಒಲೆ ಉರಿದಿರಬೇಕು! ‘ಭವಿ’, ‘ಭಕ್ತ’ ಎಂಬ ಎರಡು ಪದಗಳು ವಚನಗಳಲ್ಲಿ ಅಷ್ಟು ಕಟುವಾಗಿ ಎದುರುಬದುರು ನಿಂತಿರುವುದನ್ನು ಓದುವಾಗಲೆಲ್ಲ ನನಗೆ ತತ್ತ್ವಕ್ಕಿಂತ ಮೊದಲು ಕಣ್ಣಿಗೆ ಬರುವುದು ಗಂಡ ಹೆಂಡಿರ, ತಾಯಿ ಮಕ್ಕಳ ಊಟದ ಹೊತ್ತು. ಆದರೂ ಅವರಿಗೆ ಒಂದು ಅನುಕೂಲವಿತ್ತು. ಬೆನ್ನಿಗೆ ಒಂದು ಸಮೂಹವಿತ್ತು. ಕೊರಳಲ್ಲಿ ಒಂದು ಗುರುತಿತ್ತು. ಗುರುತನ್ನು ನೋಡಿದ ಮನೆಯವರು, ಇದು ದೇವರಿಗೂ ಇವನಿಗೂ ಸಂಬಂಧಪಟ್ಟದ್ದು, ನಮ್ಮನ್ನು ಕುರಿತದ್ದಲ್ಲ ಎಂದು ಸಮಾಧಾನ ಪಡಬಹುದಾಗಿತ್ತು. ಮಾಲೆಯಿಲ್ಲದೆ, ಲಿಂಗವಿಲ್ಲದೆ, ವೈದ್ಯರ ಚೀಟಿಯೂ ಇಲ್ಲದೆ ಬಿಟ್ಟವನು ತಟ್ಟೆಯನ್ನು ಸರಿಸಿದರೆ, ಅದು ಅಡಿಗೆ ಮಾಡಿದವಳನ್ನೇ ಸರಿಸಿದಂತೆ ಕಾಣುತ್ತದೆ.

ಎರಡು ವರ್ಷ ಕಳೆದ ಮೇಲೆ ಅಣ್ಣನ ಮಗನ ಜವಳ ಬಂದಿತು. ಊರ ಹೊರಗಿನ ದರ್ಗಾದಲ್ಲಿ ಕಂದೂರಿ ಮಾಡುವುದಾಗಿ ಅವ್ವ ಹರಕೆ ಹೊತ್ತಿದ್ದಳು. ದಕ್ಷಿಣದ ವಾಚಕರಿಗೆ ಒಂದು ಮಾತು: ನಮ್ಮ ಸೀಮೆಯಲ್ಲಿ ಹಿಂದೂಗಳ ಮನೆಯ ಹರಕೆಗೂ ದರ್ಗಾದಲ್ಲಿ ಕಂದೂರಿಯಾಗುವುದು ವಾಡಿಕೆ. ಆಡನ್ನು ಒಯ್ದು, ಮುಲ್ಲಾನಿಂದ ಹಲಾಲು ಮಾಡಿಸಿ, ಅಲ್ಲಿಯೇ ಒಲೆ ಹೂಡಿ ಬೇಯಿಸಿ, ಬಂಧುಬಳಗಕ್ಕೆಲ್ಲ ಬಡಿಸುತ್ತಾರೆ. ಇದು ಔತಣವಷ್ಟೇ ಅಲ್ಲ, ಪ್ರಸಾದ. ಕಾಕಾನಾದವನು ಪ್ರಸಾದವನ್ನು ಒಲ್ಲೆನೆಂದರೆ ಕೂಸಿಗೆ ಏನಾದೀತೋ ಎಂಬ ಅಂಜಿಕೆ ಮನೆಯವರದು. ಹಿರಿಯರೆಲ್ಲ ಸೇರಿ ನನಗೊಂದು ನಡುದಾರಿ ಹುಡುಕಿದರು.

“ತುಣುಕ ಬ್ಯಾಡ ಬಿಡು ತಮ್ಮಾ. ಬರೇ ಸಾರು ಹಾಕ್ಕೊಂಡು ಒಂದು ತುತ್ತು ಉಣ್ಣು.”

ನನಗೆ ನಗು ಬಂದಿತು, ಕಣ್ಣೂ ತುಂಬಿದವು. ಎಂಟುನೂರು ವರ್ಷಗಳ ಹಿಂದಿನ ಹಿಟ್ಟಿನ ಕೋಳಿ ನಮ್ಮೂರ ದರ್ಗಾದ ಬೇವಿನ ಮರದಡಿಯಲ್ಲಿ ಸಾರಿನ ರೂಪದಲ್ಲಿ ಎದುರು ಬಂದು ಕುಳಿತಿತ್ತು. ಇಂಥ ಮನೆಗಳಲ್ಲಿ ಬಾಳಿದವರಿಗೆ ಈ ಮಾತು ಹೊಸದಲ್ಲ. ಅದನ್ನು ಆಡುವವರ ಮನಸ್ಸಿನಲ್ಲಿ ಕಪಟವೂ ಇರುವುದಿಲ್ಲ. ನಿನ್ನ ವ್ರತವೂ ಉಳಿಯಲಿ, ನಮ್ಮ ಮಾತೂ ಉಳಿಯಲಿ ಎಂಬ ಪ್ರೀತಿಯೇ ಅದು. ಚಂದ್ರಮತಿಯದೂ ಪ್ರೀತಿಯೇ ತಾನೆ? ಜನ್ನನ ಕಾವ್ಯದಲ್ಲಿ ತಾಯಿ ಕ್ರೂರಿಯಲ್ಲ. ಮಗನ ಕನಸಿಗೆ ಹೆದರಿದವಳು. ತರಗತಿಯಲ್ಲಿ ನಾನು ಅದುವರೆಗೆ ಅವಳನ್ನು ಮೂಢನಂಬಿಕೆಗೆ ಉದಾಹರಣೆಯೆಂದು ಹೇಳಿಬಿಡುತ್ತಿದ್ದೆ. ಆ ದಿನದಿಂದ ಅವಳ ಪಾಠ ಹೇಳುವುದು ನನಗೆ ಕಠಿನವಾಗಿದೆ.

ಸಾರನ್ನು ನಾನು ಹಾಕಿಸಿಕೊಳ್ಳಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜವಳ ತೆಗೆಸಿದೆ; ಸಕ್ಕರೆ ಓದಿಸಿ ಆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದೆ. ಬಳಿಕ ಸೊಂಟಕ್ಕೆ ಟವೆಲು ಕಟ್ಟಿ ಬಡಿಸಲು ನಿಂತೆ. ರೊಟ್ಟಿ ಬಡಿಸಿದೆ, ಅನ್ನ ಬಡಿಸಿದೆ. ಬಕೀಟು ಹಿಡಿದು ಖಂಡದ ಸಾರನ್ನೂ ಬಡಿಸಿದೆ. ಕಲಬುರಗಿಯ ಗೆಳೆಯರೊಬ್ಬರು ಇದನ್ನು ಕೇಳಿ, “ಹಾಗಾದರೆ ನಿಮ್ಮ ಅಹಿಂಸೆ ನಾಲಗೆಗೆ ಮಾತ್ರವೇ?” ಎಂದು ಚುಚ್ಚಿದರು. ತರ್ಕದಲ್ಲಿ ಅವರು ಗೆದ್ದರು. ಆದರೆ ಅಂದು ಅವ್ವ ಸಾಲಿನ ಕೊನೆಯಲ್ಲಿ ಉಣ್ಣಲು ಕುಳಿತಾಗ ನಾನು ಬಡಿಸಿದ್ದನ್ನು ಉಂಡು, ಕೈ ತೊಳೆಯುವಾಗ, “ಉಪ್ಪು ತುಸು ಕಡಿಮಿ ಆಗಿತ್ತು” ಎಂದಳು. ಮೈಲಿಗೆಯ ಮಾತನ್ನು ಅವಳು ಮತ್ತೆ ಎತ್ತಿಲ್ಲ.

ವ್ರತ ಹಿಡಿಯುವವನು ಒಬ್ಬ, ಅದನ್ನು ಹೊರುವವಳು ಇನ್ನೊಬ್ಬಳು ಎಂಬುದಕ್ಕೆ ಲೋಕಪ್ರಸಿದ್ಧವಾದ ಸಾಕ್ಷ್ಯವೊಂದಿದೆ. ರಷ್ಯದ ಮಹಾಲೇಖಕ ಟಾಲ್‌ಸ್ಟಾಯ್ 1880ರ ದಶಕದಲ್ಲಿ ಮಾಂಸವನ್ನು ತೊರೆದ. ತುಲಾ ಪಟ್ಟಣದ ಕಸಾಯಿಖಾನೆಯನ್ನು ಕಣ್ಣಾರೆ ಕಂಡು ಬಂದು ‘ಮೊದಲ ಹೆಜ್ಜೆ’ ಎಂಬ ಪ್ರಬಂಧವನ್ನು ಬರೆದ. ಅದು 1892ರಲ್ಲಿ ಪ್ರಕಟವಾಯಿತು. ಗದ್ಯದಲ್ಲಿ ಅಷ್ಟು ನಿಷ್ಠುರವಾದ ಬರಹ ವಿರಳ. ಹೆಣ್ಣುಮಕ್ಕಳು ತಂದೆಯ ದಾರಿ ಹಿಡಿದರು. ಹದಿಮೂರು ಮಕ್ಕಳನ್ನು ಹೆತ್ತ ಹೆಂಡತಿ ಸೋಫಿಯಾ ಹಿಡಿಯಲಿಲ್ಲ. ಈ ಶಾಕಾಹಾರದಿಂದ ಮನೆಯಲ್ಲಿ ಎರಡು ಬಗೆಯ ಅಡಿಗೆ ಮಾಡಿಸಬೇಕಾಗಿದೆ, ಖರ್ಚೂ ಇಮ್ಮಡಿ, ಕೆಲಸವೂ ಇಮ್ಮಡಿ ಎಂದು ಅವಳು ದಿನಚರಿಯಲ್ಲಿ ಗೊಣಗಿಕೊಂಡಿದ್ದಾಳೆ. ಟಾಲ್‌ಸ್ಟಾಯನ ಪ್ರಬಂಧವನ್ನು ಓದಿದವರು ಸಾವಿರಾರು. ಸೋಫಿಯಾಳ ಆ ಸಾಲನ್ನು ಓದಿದವರು ಕಡಿಮೆ. ನನ್ನ ಮಟ್ಟಿಗೆ ಅವೆರಡನ್ನೂ ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಬೇಕು.

ನಮ್ಮ ವೈನಿಗೆ ದಿನಚರಿ ಬರೆಯುವ ಪುರುಸೊತ್ತಿಲ್ಲ. ನಾನು ಊರಿಗೆ ಹೋದ ದಿನ ಅವರಿಗೆ ಬೇರೆ ಗಡಿಗೆ, ಬೇರೆ ಸೌಟು, ಬೇರೆ ಒಗ್ಗರಣೆ. ಎರಡನೆಯ ಸಲವೇ ಇದು ಸಲ್ಲದೆಂದು ಕಂಡು ನಾನು ಅಡಿಗೆಮನೆಗೆ ನುಗ್ಗಿದೆ. ಗಂಡಸು ಒಲೆಯ ಮುಂದೆ ಕುಳಿತದ್ದನ್ನು ನೋಡಿ ಓಣಿಯವರು ಏನೆಂದಾರೋ ಎಂದು ಅವ್ವ ಬಾಗಿಲು ಮುಂದೆ ಮಾಡಿದಳು. ಪುಂಡಿಪಲ್ಲೆಯೂ ಬೇಳೆಯೂ ಬೇಗನೆ ವಶವಾದವು. ಜೋಳದ ರೊಟ್ಟಿ ಮಾತ್ರ ಆರು ವರ್ಷಗಳ ಬಳಿಕವೂ ನನ್ನ ಕೈಯಲ್ಲಿ ದುಂಡಗಾಗುವುದಿಲ್ಲ. ಕಲಬುರಗಿಯ ಮನೆಯಲ್ಲಿ ರವಿವಾರದ ನನ್ನ ಅಡಿಗೆ ನನ್ನದೇ. ಮನೆಯಾಕೆಗೆ ಬೇಕಾದುದನ್ನು ಅವಳು ಮಾಡಿಕೊಳ್ಳುತ್ತಾಳೆ. “ನಿಮ್ಮ ಸಲುವಾಗಿ ನಾ ಬಿಟ್ಟರ ಅದು ನಿಮ್ಮ ವ್ರತಾನೇ ಆಗ್ತದ, ನಂದಾಗೂದಿಲ್ಲ” ಎಂದು ಅವಳು ಮೊದಲ ತಿಂಗಳಲ್ಲೇ ಹೇಳಿದಳು. ನಾನು ಅದಕ್ಕೆ ಎದುರಾಡಿಲ್ಲ.

ದೇಹಶಕ್ತಿಯ ವಿಚಾರ ಕೇಳುವವರಿಗೆ ಎರಡು ಮಾತು ಸಾಕು. ನಮ್ಮ ಜೋಳದಲ್ಲಿ ಲೈಸಿನ್ ಎಂಬ ಸತ್ತ್ವ ಕಡಿಮೆ. ತೊಗರಿಯಲ್ಲಿ ಅದು ಯಥೇಚ್ಛ. ರೊಟ್ಟಿಗೆ ಬೇಳೆಯನ್ನು ನಂಟು ಮಾಡಿದ ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದಿದವರಲ್ಲ, ಆದರೆ ಲೆಕ್ಕ ತಪ್ಪಿಲ್ಲ. ಬಿ12 ಎಂಬ ಜೀವಸತ್ತ್ವ ಮಾತ್ರ ಕಾಯಿಪಲ್ಲೆಗಳಲ್ಲಿ ಸಿಗುವುದಿಲ್ಲ. ಹಾಲು ಮೊಸರನ್ನಾದರೂ ಉಣ್ಣಬೇಕು, ಸಾಲದಿದ್ದರೆ ವೈದ್ಯರನ್ನು ಕೇಳಬೇಕು.

ಇದಕ್ಕಿಂತ ಕಹಿಯಾದುದು ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಬಡಾವಣೆಯಲ್ಲಿ ಬಾಡಿಗೆಗೆ ಮನೆ ನೋಡಲು ಹೋಗಿದ್ದೆವು. ಮಾಲಿಕರು ಸಜ್ಜನರು, ಚಹಾ ಕೊಟ್ಟರು. “ನಾವು ಶಾಕಾಹಾರಿ ಮಂದಿಗಷ್ಟೇ ಕೊಡ್ತೀವ್ರಿ. ನೀವು?” ಎಂದರು. ನಾನು ಹೌದೆಂದೆ. ಅವರ ಮುಖ ಅರಳಿತು. ಬಳಿಕ ಮನೆತನದ ಹೆಸರು ಕೇಳಿದರು, ಊರು ಕೇಳಿದರು, ಅಪ್ಪನ ಕಸುಬು ಕೇಳಿದರು. ಒಂದೊಂದು ಉತ್ತರಕ್ಕೂ ಆ ಅರಳಿದ ಮುಖ ಎಸಳೆಸಳಾಗಿ ಮುಚ್ಚಿಕೊಂಡಿತು. ಅವರ ಪ್ರಶ್ನೆ ನಾಲಗೆಯನ್ನು ಕುರಿತದ್ದಾಗಿರಲಿಲ್ಲ, ಕುಲವನ್ನು ಕುರಿತದ್ದಾಗಿತ್ತು. ಮನೆಯಾಕೆ ತಾನಾಗಿಯೇ, “ನಾ ತಿಂತೀನ್ರಿ” ಎಂದು ಹೇಳಿ ಚಹಾದ ಬಸಿಯನ್ನು ಕೆಳಗಿಟ್ಟಳು. ಮನೆ ಸಿಗಲಿಲ್ಲವೆಂದು ಬೇರೆ ಬರೆಯಬೇಕಾಗಿಲ್ಲ.

ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಎತ್ತಿಕೊಂಡು, ಮಾಂಸ ಮದ್ಯಗಳನ್ನು ಬಿಟ್ಟು, ಒಂದು ಮೆಟ್ಟಲು ಮೇಲೇರಲು ಯತ್ನಿಸುವುದನ್ನು ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ಕೊಡಗರನ್ನು ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆ ಕ್ರಿಯೆಗೆ ಅವರಿತ್ತ ‘ಸಂಸ್ಕೃತೀಕರಣ’ವೆಂಬ ಹೆಸರು ಈಗ ಪಠ್ಯಗಳಲ್ಲೆಲ್ಲ ಇದೆ. ನಮ್ಮ ಅವ್ವ ಆ ಗ್ರಂಥವನ್ನು ಓದಿದವಳಲ್ಲ. ಆದರೂ, “ನನ್ನ ಕೈ ಅಡಿಗಿ ಮೈಲಿಗಿ ಆಯ್ತೇನು” ಎಂಬ ಅವಳ ಮಾತು ಅದೇ ಗಾಯದ ಮೇಲಿನಿಂದ ಬಂದದ್ದು. ಮಗ ಓದಿ, ನೌಕರಿ ಹಿಡಿದು, ಪಟ್ಟಣ ಸೇರಿ, ಈಗ ನಮ್ಮ ಊಟವನ್ನೂ ಬಿಟ್ಟನೆಂದರೆ ಮುಂದೆ ಬಿಡುವುದು ಯಾರನ್ನು? ಆಡಿನ ಜೀವಕ್ಕಾಗಿ ಬಿಟ್ಟೆನೆಂದು ನಾನು ಎಷ್ಟು ಹೇಳಿದರೂ, ಈ ನಾಡಿನಲ್ಲಿ ಆ ಮಾತಿಗೆ ಮೊದಲೇ ಇನ್ನೊಂದು ಅರ್ಥ ಅಂಟಿಕೊಂಡಿದೆ. ಆ ಅರ್ಥವನ್ನು ನನ್ನ ತಟ್ಟೆಯಿಂದ ತೊಳೆಯುವ ಕೆಲಸ ನನ್ನದೇ. ಅದಕ್ಕಾಗಿಯೇ ಮದುವೆ ಮುಂಜಿಗಳಲ್ಲಿ ಬಂಧುಗಳೊಡನೆ ಒಂದೇ ಸಾಲಿನಲ್ಲಿ ಕೂರುತ್ತೇನೆ. ಪಕ್ಕದ ಎಲೆಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಮೂಗಿಗೆ ಕರವಸ್ತ್ರ ಹಿಡಿಯುವುದಿಲ್ಲ.

1931ರ ನವೆಂಬರ್ 20ರಂದು ಲಂಡನ್ನಿನ ಶಾಕಾಹಾರಿ ಸಂಘದಲ್ಲಿ ಗಾಂಧೀಜಿ ಮಾತನಾಡಿದರು. ವಿದ್ಯಾರ್ಥಿದೆಸೆಯಲ್ಲಿ ತಮ್ಮನ್ನು ಬುದ್ಧಿಪೂರ್ವಕವಾಗಿ ಶಾಕಾಹಾರಿಯನ್ನಾಗಿ ಮಾಡಿದ ಪುಸ್ತಕದ ಕರ್ತೃ ಹೆನ್ರಿ ಸಾಲ್ಟರು ಆ ಸಭೆಯಲ್ಲಿದ್ದರು. ಆರೋಗ್ಯಕ್ಕಾಗಿ ಮಾತ್ರ ಮಾಂಸ ಬಿಟ್ಟವರು ನಿಲ್ಲುವುದಿಲ್ಲ, ಅದಕ್ಕೆ ನೈತಿಕ ತಳಹದಿ ಬೇಕು ಎಂಬುದು ಅವರ ಮುಖ್ಯವಾದ ವಾದ. ಆ ಭಾಗವನ್ನು ಶಾಕಾಹಾರಿಗಳು ಉದ್ಧರಿಸುತ್ತಲೇ ಇರುತ್ತಾರೆ. ಅದೇ ಭಾಷಣದಲ್ಲಿ ಅವರು, ಹೊತ್ತು ಮೂಡಿದಂದಿನಿಂದ ಮುಳುಗುವ ತನಕ ಊಟದ ಮಾತನ್ನೇ ಆಡುವ ಶಾಕಾಹಾರಿಗಳನ್ನು ಕುರಿತು ಹೇಳಿ, ಇತರರ ವಿಷಯದಲ್ಲಿ ಸಹನೆಯಿರಲಿ, ತುಸು ವಿನಯವಿರಲಿ ಎಂದೂ ಕೇಳಿಕೊಂಡರು. ಈ ಭಾಗ ಸಭೆಗಳಲ್ಲಿ ಕೇಳಿಬರುವುದು ಅಪರೂಪ. ಇಡೀ ಒಂದು ಅಂಕಣವನ್ನು ಊಟದ ಮಾತಿಗೇ ಮೀಸಲಿಟ್ಟ ನಾನು ಇದನ್ನು ಹೇಳಬಹುದೋ ಇಲ್ಲವೋ!

ಅಣ್ಣನ ಮಗಳು ಕಮಲಾಪುರದ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ನಮ್ಮ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಾಗಿ ಕಂಡುದರಿಂದ 2021ರ ಡಿಸೆಂಬರಿನಲ್ಲಿ ಸರಕಾರ ಕಲಬುರಗಿ, ಬೀದರ, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿತು, ಒಲ್ಲದವರಿಗೆ ಬಾಳೆಹಣ್ಣು. ಆಗ ದೊಡ್ಡ ವಾದವೆದ್ದಿತು, ಮಠಾಧೀಶರು ಹೇಳಿಕೆ ಕೊಟ್ಟರು, ಮಕ್ಕಳು ಮಾತ್ರ ಮೊಟ್ಟೆ ತಿಂದರು. ಮರುವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. (ಶಾಲೆಯಲ್ಲಿ ಕೊಡುವುದು ನಮ್ಮೂರ ಕೆಂಬಾಳೆಯಲ್ಲ. ವರ್ಷ ಮೀರಿ ಕಾಯಿಸುವ ಆ ಹಣ್ಣಿನ ಬೆಲೆ ಬಿಸಿಯೂಟದ ಲೆಕ್ಕಕ್ಕೆ ಎಟುಕುವುದಲ್ಲ.) ಕಳೆದ ವರ್ಷ ಒಂದು ದಿನ ವೈನಿ ಫೋನು ಮಾಡಿದರು. ದನಿಯಲ್ಲಿ ಬಿಸಿಯಿತ್ತು.

“ಹುಡುಗಿ ಸಾಲ್ಯಾಗ ತತ್ತಿ ಬ್ಯಾಡ, ಬಾಳಿಹಣ್ಣು ಕೊಡ್ರಿ ಅಂದಾಳಂತ. ಯಾಕಂತ ಕೇಳಿದರ, ನಮ್ಮ ಕಾಕಾ ತಿನ್ನಂಗಿಲ್ಲ ಅಂತಾಳ. ಮೊದಲೇ ಕಡ್ಡಿ ಆಗ್ಯಾಳ. ನೀವೇ ಬಂದು ಹೇಳ್ರಿ.”

ಆ ಶನಿವಾರವೇ ಹೋದೆ. ಹುಡುಗಿ ಅಂಗಳದಲ್ಲಿ ಆಡುತ್ತಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ:

“ತತ್ತಿ ಯಾಕ ಬಿಟ್ಟಿ?”

“ನೀ ಬಿಟ್ಟಿ, ಅದಕ.”

“ನಾ ಬಿಟ್ಟಾಗ ನನಗ ಮೂವತ್ತು ವರ್ಷ ಆಗಿತ್ತು. ಅಲ್ಲೀತನಾ ನಿಮ್ಮ ಆಯಿ ಹಾಕಿದ್ದೆಲ್ಲ ತಿಂದೀನಿ.”

ಅವಳು ಬೆರಳೆಣಿಸಿ, ಇನ್ನೂ ಇಪ್ಪತ್ತೊಂದು ವರ್ಷವೆಂದು ಲೆಕ್ಕ ಹಾಕಿದಳು. ಅದು ಬಹಳವಾಯಿತೆಂದು ತಕರಾರು ತೆಗೆದಳು. ಹತ್ತು ವರ್ಷಕ್ಕೆ ಇಳಿಸಬೇಕೆಂದು ಪಟ್ಟು ಹಿಡಿದಳು. ಒಳಗಿನಿಂದ ಅವ್ವ, “ಬಿಡೂದಿದ್ದರ ಮೊದಲ ಅಡಿಗಿ ಕಲ್ತು ಬಿಡವ್ವ” ಎಂದು ಕೂಗಿದಳು. ಕಡೆಗೆ ಹತ್ತನೆಯ ಇಯತ್ತೆ ಮುಗಿಯುವ ತನಕ ಎಂದು ಒಪ್ಪಂದವಾಯಿತು. ಸೋಮವಾರ ಅವಳು ಮೊಟ್ಟೆ ತೆಗೆದುಕೊಂಡಳೆಂದು ವೈನಿ ತಿಳಿಸಿದರು. ಬಾಳೆಹಣ್ಣು ತೆಗೆದುಕೊಳ್ಳುವ ಗೆಳತಿ ತನ್ನದರಲ್ಲಿ ಅರ್ಧ ಮುರಿದು ಇವಳಿಗೆ ಕೊಡುವುದು ಈಗಲೂ ನಡೆದಿದೆಯಂತೆ.